ಬೂಷ್ಟು, ಜೀರುಂಡೆ, ಜಡಿಮಳೆ: ಸಾಕ್ಷ್ಯಚಿತ್ರ ಮಾಡುವವರ ಪ್ರಶ್ನೆಗಳು

ಮಲೆನಾಡಿನಲ್ಲಿದ್ದುಕೊಂಡು ಸಾಕ್ಷ್ಯಚಿತ್ರ ಮಾಡುವವರು ತಮ್ಮ ತೊಡಕುಗಳನ್ನು ಬರೆದು ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಯಾವ ಕ್ಯಾಮೆರಾ ಕೊಳ್ಳಬೇಕು ಎಂಬುದರ ಸುತ್ತಲೇ ಇದ್ದವು. ಅವಕ್ಕೆಲ್ಲ ಸೇರಿಸಿ ಒಂದೇ ಉತ್ತರ ಕೊಟ್ಟಿದ್ದೇವೆ. ನಮ್ಮ ಸೀಮೆಯಲ್ಲಿ ಚಿತ್ರ ಹಾಳಾಗುವುದು ಕ್ಯಾಮೆರಾದಿಂದ ಕಡಿಮೆ, ತೇವದಿಂದ ಮತ್ತು ಶಬ್ದದಿಂದ ಜಾಸ್ತಿ. ಪುಟಗಳೂ ಅವುಗಳ ಪಾಲಿಗೇ ಹೆಚ್ಚು ಹೋಗಿವೆ.

ಅಟ್ಟದ ಟ್ರಂಕಿನಲ್ಲಿ ಅಜ್ಜನ ಕಾಲದ ಕೆಲವು ಫಿಲ್ಮ್ ಸುರುಳಿ, ವಿ.ಎಚ್.ಎಸ್. ಕ್ಯಾಸೆಟ್ಟುಗಳು, ಒಂದಷ್ಟು ಮಿನಿ ಡಿ.ವಿ. ಟೇಪುಗಳು ಸಿಕ್ಕಿವೆ. ಲಿಂಗನಮಕ್ಕಿಯಲ್ಲಿ ಮುಳುಗುವ ಮುಂಚಿನ ನಮ್ಮ ಊರು ಆ ಸುರುಳಿಗಳಲ್ಲಿ ಇದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಪರಿಚಯದವರ ಬಳಿ ಹಳೆಯ ಪ್ರೊಜೆಕ್ಟರ್ ಇದೆ. ಹಾಕಿ ನೋಡಬಹುದೇ?
— ಓದುಗರು, ಸಾಗರ ತಾಲೂಕು

ದಯವಿಟ್ಟು ಹಾಕಬೇಡಿ. ಹಳೆಯ ಫಿಲ್ಮು ಒಣಗಿ ಕುಗ್ಗಿರುತ್ತದೆ. ಶೇಕಡಾ ಒಂದರಷ್ಟು ಕುಗ್ಗಿದರೂ ಸಾಕು, ಪ್ರೊಜೆಕ್ಟರಿನ ಹಲ್ಲುಗಳು ಅಂಚಿನ ತೂತುಗಳಿಗೆ ಸರಿಯಾಗಿ ಕೂರದೆ ಹರಿಯುತ್ತಾ ಹೋಗುತ್ತವೆ. ನೋಡುವ ಆಸೆಗೆ ಇರುವ ಒಂದೇ ಪ್ರತಿಯನ್ನು ಬಲಿ ಕೊಟ್ಟಂತಾಗುತ್ತದೆ.

ಮೊದಲು ಅದು ಯಾವ ಫಿಲ್ಮು ಎಂದು ಗುರುತಿಸಿ. ಹತ್ತಿ ಬಟ್ಟೆಯ ಕೈಗವಸು ಹಾಕಿಕೊಂಡು, ಅಂಚುಗಳನ್ನು ಮಾತ್ರ ಹಿಡಿದು, ಶುರುವಿನ ಒಂದೆರಡು ಅಡಿಯನ್ನಷ್ಟೇ ಬಿಚ್ಚಿ. ಅಗಲ 16 ಮಿ.ಮೀ. ಇದ್ದರೆ ಅದು 1923ರಲ್ಲಿ ಬಂದ ಅಳತೆ. 8 ಮಿ.ಮೀ. ಇದ್ದರೆ ಎರಡು ಬಗೆ. ತೂತು ದೊಡ್ಡದಿದ್ದು, ಎರಡು ಚಿತ್ರಗಳ ನಡುವಿನ ಗೆರೆಯ ನೇರಕ್ಕೆ ಇದ್ದರೆ 1932ರಿಂದ ಬಳಕೆಯಲ್ಲಿದ್ದ ಸಾಮಾನ್ಯ 8 ಮಿ.ಮೀ. ತೂತು ಚಿಕ್ಕದಾಗಿ, ಚಿತ್ರದ ಮಧ್ಯಭಾಗದ ಪಕ್ಕಕ್ಕೆ ಇದ್ದರೆ ಸೂಪರ್ 8. ನಿಮ್ಮ ಮಟ್ಟಿಗೆ ಈ ವ್ಯತ್ಯಾಸ ದೊಡ್ಡದು. ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ, ಸೂಪರ್ 8 ಮಾರುಕಟ್ಟೆಗೆ ಬಂದದ್ದು 1965ರಲ್ಲಿ. ಸುರುಳಿ ಸೂಪರ್ 8 ಆಗಿದ್ದರೆ ಮುಳುಗಡೆಗೆ ಮುಂಚಿನ ಊರು ಅದರಲ್ಲಿ ಇರಲಾರದು, ಮನೆಯವರು ಏನೇ ಹೇಳಲಿ. ಕೊಡಾಕ್ ಫಿಲ್ಮಾದರೆ ಅಂಚಿನಲ್ಲಿ ಚೌಕ, ವೃತ್ತ, ತ್ರಿಕೋನಗಳ ಸಣ್ಣ ಗುರುತುಗಳೂ ಇರುತ್ತವೆ. ಅವು ಫಿಲ್ಮು ತಯಾರಾದ ವರ್ಷವನ್ನು ಹೇಳುತ್ತವೆ. ಆದರೆ ಅದೇ ಗುರುತು ಇಪ್ಪತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತಿತ್ತು, ಹಾಗಾಗಿ ಉಡುಪು, ವಾಹನಗಳನ್ನು ನೋಡಿ ತಾಳೆ ಹಾಕಬೇಕು. ತಯಾರಾದ ವರ್ಷವೇ ಚಿತ್ರೀಕರಣದ ವರ್ಷವೂ ಆಗಿರಬೇಕಿಲ್ಲ.

ಡಬ್ಬಿ ತೆರೆದಾಗ ವಿನೆಗರ್‌ನ ಹುಳಿ ವಾಸನೆ ಮೂಗಿಗೆ ಬಡಿದರೆ ಫಿಲ್ಮಿನ ಅಸಿಟೇಟ್ ಹಾಳೆ ಕೊಳೆಯತೊಡಗಿದೆ ಎಂದು ಅರ್ಥ. ಹಾಳೆಯಿಂದ ಹೊರಡುವ ಅಸಿಟಿಕ್ ಆಮ್ಲವೇ ಕೊಳೆತವನ್ನು ಇನ್ನಷ್ಟು ಚುರುಕು ಮಾಡುತ್ತದೆ. ಸೆಕೆ ಮತ್ತು ತೇವ ಅದಕ್ಕೆ ಕುಮ್ಮಕ್ಕು ಕೊಡುತ್ತವೆ. ಅಂಥ ಸುರುಳಿಯನ್ನು ಉಳಿದವುಗಳಿಂದ ಬೇರೆ ಮಾಡಿ, ಗಾಳಿ ಆಡುವ ಡಬ್ಬಿಯಲ್ಲಿಟ್ಟು, ಎಲ್ಲಕ್ಕಿಂತ ಮೊದಲು ಸ್ಕ್ಯಾನಿಂಗಿಗೆ ಕಳಿಸಿ. ಅದನ್ನು ನಿಲ್ಲಿಸುವ ಔಷಧಿ ಇಲ್ಲ, ನಿಧಾನ ಮಾಡಬಹುದಷ್ಟೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ಆಮ್ಲ ಒಳಗೇ ಉಳಿದು ಕೆಲಸ ಮುಂದುವರಿಸುತ್ತದೆ.

ಸ್ಕ್ಯಾನ್ ಮಾಡುವವರಿಗೆ ಮೂರು ಪ್ರಶ್ನೆ ಕೇಳಿ. ಹಲ್ಲುಚಕ್ರ ಇಲ್ಲದೆ ಉರುಳೆಗಳ ಮೇಲೆ ಫಿಲ್ಮು ಸಾಗಿಸುವ ಯಂತ್ರ ಇದೆಯೇ? ಒಂದೊಂದೇ ಫ್ರೇಮನ್ನು ಬಿಡಿಬಿಡಿಯಾಗಿ ಹಿಡಿಯುತ್ತದೆಯೇ? ಸಂಕುಚನ (ಗಾತ್ರ ಇಳಿಸಲು ಕಡತವನ್ನು ಹಿಂಡುವುದು) ಕಡಿಮೆ ಇರುವ ಮೂಲ ಕಡತವನ್ನು ಕೊಡುತ್ತಾರೆಯೇ? ಗೋಡೆಯ ಮೇಲೆ ಬಿಂಬ ಬಿಟ್ಟು ಅದನ್ನು ವಿಡಿಯೊ ಕ್ಯಾಮೆರಾದಲ್ಲಿ ಹಿಡಿದುಕೊಡುವ ಅಂಗಡಿಗಳಿವೆ, ಅಲ್ಲಿಂದ ವಾಪಸು ಬನ್ನಿ. ಕಡತ ಬಂದ ಮೇಲೆ ವೇಗ ನೋಡಿ. ಸಾಮಾನ್ಯ 8 ಮಿ.ಮೀ.ನಲ್ಲಿ ಸೆಕೆಂಡಿಗೆ 16 ಫ್ರೇಮಿನಂತೆ ತೆಗೆದ 50 ಅಡಿಗೆ 4 ನಿಮಿಷ 10 ಸೆಕೆಂಡು ಓಡಬೇಕು, ಸೂಪರ್ 8ರಲ್ಲಿ 18 ಫ್ರೇಮಿನಂತೆ 3 ನಿಮಿಷ 20 ಸೆಕೆಂಡು. ಅದಕ್ಕಿಂತ ಬೇಗ ಮುಗಿದು, ಜನ ಕುಣಿಕುಣಿದು ನಡೆಯುತ್ತಿದ್ದರೆ ಯಾರೋ 24 ಅಥವಾ 25 ಫ್ರೇಮಿಗೆ ಓಡಿಸಿದ್ದಾರೆ ಎಂದೇ ಲೆಕ್ಕ.

ವಿ.ಎಚ್.ಎಸ್. ಕ್ಯಾಸೆಟ್ಟಿನ ಕಿಟಕಿಯಿಂದ ಟಾರ್ಚು ಬಿಟ್ಟು ಸುರುಳಿಯ ಅಂಚು ನೋಡಿ. ಬಿಳಿ ಪುಡಿ ಕಂಡರೆ ಬೂಷ್ಟು. ಅದನ್ನು ವಿ.ಸಿ.ಆರ್.ಗೆ ತುರುಕಿದರೆ ಟೇಪು ಓದುವ ಹೆಡ್ ಕಟ್ಟಿಕೊಳ್ಳುವುದಲ್ಲದೆ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತದೆ. ಮಿನಿ ಡಿ.ವಿ. ಟೇಪಿನಲ್ಲಿರುವುದು ಆಗಲೇ ಡಿಜಿಟಲ್ ದತ್ತಾಂಶ. ಆದ್ದರಿಂದ ಹಳದಿ, ಕೆಂಪು, ಬಿಳಿ ಪಿನ್ನಿನ ಕೇಬಲ್ಲಿನಿಂದ ಇಳಿಸದೆ ಫೈರ್‌ವೈರ್ (ಆ ಕ್ಯಾಮೆರಾಗಳ ಡಿಜಿಟಲ್ ಕೇಬಲ್) ಮೂಲಕವೇ ನಕಲು ಮಾಡಿಸಿ. ಗಂಟೆಗೆ ಸುಮಾರು 13 ಜಿ.ಬಿ. ಬರಬೇಕು. ಎರಡು ಜಿ.ಬಿ.ಯ ಕಡತ ಕೊಟ್ಟರೆ ಮತ್ತೆ ಸಂಕುಚಿಸಿದ್ದಾರೆ. ಎಲ್.ಪಿ. ವೇಗದಲ್ಲಿ (ಹೆಚ್ಚು ಹೊತ್ತು ಹಿಡಿಸಲು ನಿಧಾನವಾಗಿ ಓಡಿಸಿ) ತುಂಬಿಸಿದ ಟೇಪು ಅನೇಕ ಸಲ ತನ್ನ ಹಳೆಯ ಕ್ಯಾಮೆರಾದಲ್ಲಿ ಮಾತ್ರ ಸರಿಯಾಗಿ ಓಡುತ್ತದೆ. ಆ ಕ್ಯಾಮೆರಾ ಮನೆಯಲ್ಲಿ ಇನ್ನೂ ಇದ್ದರೆ ಗುಜರಿಗೆ ಹಾಕಬೇಡಿ.

ಅಡಿಕೆ ಸುಗ್ಗಿಯನ್ನು ಕೊನೆ (ಗೊನೆ) ಇಳಿಸುವುದರಿಂದ ಮಂಡಿಯವರೆಗೆ ಚಿತ್ರಿಸಬೇಕು. ಹೊಸ ಕ್ಯಾಮೆರಾ ಕೊಳ್ಳಲೋ, ಫೋನೇ ಸಾಕೋ?
— ಕಾಲೇಜು ವಿದ್ಯಾರ್ಥಿನಿ, ತೀರ್ಥಹಳ್ಳಿ

ಫೋನು ಸಾಕು. ಉಳಿದ ಹಣಕ್ಕೆ ಒಂದು ಕಾಲರ್ ಮೈಕು, ಪುಟ್ಟ ರೆಕಾರ್ಡರು, ಗಟ್ಟಿ ಟ್ರೈಪಾಡು ಕೊಳ್ಳಿ.

ಫೋನಿನ ಮಾಮೂಲಿ ಆ್ಯಪ್ ಬಿಟ್ಟು, ಎಲ್ಲವನ್ನೂ ಕೈಯಾರೆ ಹೊಂದಿಸಲು ಬಿಡುವ ಆ್ಯಪ್ ಹಾಕಿಕೊಳ್ಳಿ. ಫ್ರೇಮು ಸೆಕೆಂಡಿಗೆ 25, ಷಟರ್ (ಒಂದೊಂದು ಫ್ರೇಮಿಗೂ ಬೆಳಕು ಬಿಡುವ ಹೊತ್ತು) 1/50 ಸೆಕೆಂಡು. ನಮ್ಮ ವಿದ್ಯುತ್ತು 50 ಹರ್ಟ್ಸ್, ಅಂದರೆ ಟ್ಯೂಬ್‌ಲೈಟು, ಅಗ್ಗದ ಎಲ್.ಇ.ಡಿ. ಬಲ್ಬುಗಳ ಬೆಳಕು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಷಟರ್ 1/50 ಅಥವಾ 1/100 ಇದ್ದರೆ ಏರಿಳಿತ ಪ್ರತಿ ಫ್ರೇಮಿನಲ್ಲೂ ಸಮನಾಗಿ ಬೀಳುತ್ತದೆ. 1/60 ಇಟ್ಟರೆ ಚಿತ್ರದ ಮೇಲೆ ಪಟ್ಟೆಗಳು ಹರಿದಾಡುತ್ತವೆ. ಬಿಸಿಲಿನಲ್ಲಿ ಮಾತ್ರ ಒಂದು ತೊಡಕು. ಬಹುತೇಕ ಫೋನುಗಳಲ್ಲಿ ಅಪರ್ಚರ್ (ಬೆಳಕು ಒಳಬರುವ ಕಂಡಿ) ಬದಲಿಸಲು ಬರುವುದಿಲ್ಲ, ಹಾಗಾಗಿ 1/50ರಲ್ಲಿ ಚಿತ್ರ ಬೆಳ್ಳಗೆ ಉರಿದುಹೋಗುತ್ತದೆ. ಅದಕ್ಕೆ ಎನ್.ಡಿ. ಫಿಲ್ಟರ್, ಅಂದರೆ ಬೆಳಕು ತಗ್ಗಿಸುವ ಕಪ್ಪು ಗಾಜು, ಬೇಕು.

ತೋಟದೊಳಗೆ ಕತ್ತಲೆ, ಸೋಗೆಗಳ ಸಂದಿಯಲ್ಲಿ ಬೆಳ್ಳನೆಯ ಆಕಾಶ. ಎರಡನ್ನೂ ಒಟ್ಟಿಗೆ ಹಿಡಿಯಲು ಯಾವ ಕ್ಯಾಮೆರಾಕ್ಕೂ ಸುಲಭವಲ್ಲ. ಮರ ಏರಿದವರನ್ನು ಬುಡದಿಂದ ಮೇಲಕ್ಕೆ ನೋಡಿ ತೆಗೆದರೆ ಮನುಷ್ಯ ಬರೀ ಕಪ್ಪು ನೆರಳು. ದಿಬ್ಬದ ತೋಟವಾದರೆ ಮೇಲಿನ ಅಗಳಿನ ಅಂಚಿನಲ್ಲಿ ನಿಂತು, ಹಿಂದೆ ಆಕಾಶದ ಬದಲು ಎದುರು ಗುಡ್ಡದ ಹಸಿರು ಬರುವಂತೆ ನೋಡಿಕೊಳ್ಳಿ.

ಬಣ್ಣ ಹೊಂದಿಸುವುದನ್ನೂ ಫೋನಿಗೆ ಬಿಡಬೇಡಿ. ಬೇಯಿಸುವ ಹಂಡೆಯಲ್ಲಿ ಚೊಗರು (ಅಡಿಕೆ ಬೆಂದ ರಸ) ಕುದಿಯುವಾಗಿನ ಆ ಕಡುಗೆಂಪು ಇದೆಯಲ್ಲ, ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್ ಅದನ್ನು ದೋಷವೆಂದು ತಿಳಿದು ಕೆಂಪನ್ನು ಹಿಂಡಿ ತೆಗೆದು ಮಣ್ಣು ನೀರಿನಂತೆ ತೋರಿಸುತ್ತದೆ. ಹಗಲಿನಲ್ಲಿ 5600 ಕೆಲ್ವಿನ್‌ಗೆ ಕಟ್ಟಿಹಾಕಿ. ಒಲೆಯ ಬೆಂಕಿ ಕೆಂಪಾಗಿಯೇ ಕಾಣಲಿ, ಅದು ಇರುವುದೇ ಹಾಗೆ. ಹಂಡೆಯ ಆವಿ ಲೆನ್ಸಿಗೆ ಕೂತಾಗ ಒರೆಸುತ್ತಾ ಕೂರುವ ಬದಲು ಐದು ನಿಮಿಷ ಮೊದಲೇ ಫೋನನ್ನು ಒಲೆಯ ಹತ್ತಿರದ ಬೆಚ್ಚನೆ ಜಾಗದಲ್ಲಿ ಇಟ್ಟಿರಿ. ಗಾಜು ಬೆಚ್ಚಗಾದರೆ ಹನಿ ಕೂರುವುದಿಲ್ಲ.

ಇನ್ನೊಂದು. ಫೋನುಗಳು ಹೇಳುವುದು 25 ಫ್ರೇಮ್, ಆದರೆ ಬೆಳಕು ಕಡಿಮೆಯಾದಾಗ, ಬಿಸಿಯೇರಿದಾಗ ಒಳಗೊಳಗೇ ವೇಗ ಬದಲಿಸುತ್ತವೆ. ಬೇರೆ ರೆಕಾರ್ಡರಿನ ಧ್ವನಿಯನ್ನು ಜೋಡಿಸಿದಾಗ ಶುರುವಿನಲ್ಲಿ ಹೊಂದಿದ ತುಟಿ ಹತ್ತು ನಿಮಿಷಕ್ಕೆ ಜಾರಿರುತ್ತದೆ. ಸಂಕಲನಕ್ಕೆ ಕೂರುವ ಮೊದಲೇ ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಲ್ಲಿ ಎಲ್ಲ ಕಡತಗಳನ್ನೂ ಸ್ಥಿರ 25 ಫ್ರೇಮಿಗೆ ಬದಲಿಸಿಕೊಳ್ಳಿ. ಮತ್ತು ಗೆಳೆಯರಿಂದ ದೃಶ್ಯಗಳನ್ನು ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ತರಿಸಬೇಡಿ. ಅದು ಹಿಂಡಿ ಕಳಿಸುತ್ತದೆ.

ಹಂಚಿನ ಮನೆಯಲ್ಲಿ ಹಿರಿಯರೊಬ್ಬರ ಸಂದರ್ಶನ ಮಾಡಿದೆವು. ಮಾತಿಗಿಂತ ಮಳೆ ಮತ್ತು ಜೀರುಂಡೆ ಜೋರಾಗಿವೆ. ತಂತ್ರಾಂಶದಿಂದ ತೆಗೆಯಬಹುದೇ?
— ಶಾಲಾ ಶಿಕ್ಷಕರು, ಹೊಸನಗರ

ಮಳೆಯನ್ನು ತೆಗೆಯುವುದು ಹೆಚ್ಚುಕಡಿಮೆ ಆಗದ ಮಾತು. ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಮಾತಿನ ಎಲ್ಲ ತರಂಗಗಳ ಮೇಲೂ ಹರಡಿಕೊಂಡಿರುತ್ತದೆ. ಅದನ್ನು ಅಳಿಸಲು ಹೊರಟ ತಂತ್ರಾಂಶ ಮಾತನ್ನೂ ಕೆರೆದು, ಅಜ್ಜ ನೀರೊಳಗಿಂದ ಮಾತಾಡಿದ ಹಾಗೆ ಮಾಡುತ್ತದೆ. ಜೀರುಂಡೆಯದು ಬೇರೆ ಕಥೆ. ಅದರ ಸದ್ದು ಹೆಚ್ಚಾಗಿ 4ರಿಂದ 8 ಕಿಲೋಹರ್ಟ್ಸ್‌ನ ನಡುವೆ ಕೂತಿರುವುದರಿಂದ ಆ ಪಟ್ಟಿಯನ್ನು ಕತ್ತರಿಸಬಹುದು ಅನ್ನಿಸುತ್ತದೆ. ಆದರೆ ಸ, ಶ, ಚ ಅಕ್ಷರಗಳ ಚೂಪು ಇರುವುದೂ ಅಲ್ಲೇ. ಪೂರ್ತಿ ಕತ್ತರಿಸಿದರೆ ಹಿರಿಯರಿಗೆ ತೊದಲು ಬರುತ್ತದೆ. 5ರಿಂದ 6 ಡೆಸಿಬೆಲ್ ಮಾತ್ರ ಇಳಿಸಿ, ಉಳಿದ ಜೀರುಂಡೆ ಇರಲಿ. ಅದು ಆ ಊರಿನದೇ ಸದ್ದು. ಕೇಳುವವರಿಗೆ ಕಿರಿಕಿರಿ ಮಾಡುವುದು ಜೀರುಂಡೆಯಲ್ಲ, ಒಂದು ಕಟ್‌ನಲ್ಲಿ ಇದ್ದು ಮುಂದಿನ ಕಟ್‌ನಲ್ಲಿ ಇಲ್ಲವಾಗುವುದು. ಅದಕ್ಕಾಗಿಯೇ ಪ್ರತಿ ಜಾಗದಲ್ಲೂ ಮಾತು ಮುಗಿದ ಮೇಲೆ ಯಾರೂ ಅಲುಗಾಡದೆ ಒಂದು ನಿಮಿಷ ಬರೀ ಜಾಗದ ಸದ್ದನ್ನು ತುಂಬಿಸಿಕೊಳ್ಳಬೇಕು. ಕಟ್‌ಗಳ ಕೆಳಗೆ ಅದನ್ನು ಹಾಸಿದರೆ ಹೊಲಿಗೆ ಕಾಣದು.

ಮುಂದಿನ ಸಲಕ್ಕೆ: ಜಗಲಿ ನೋಡಲು ಚೆಂದ, ಮಾತಿಗೆ ಕೆಟ್ಟದ್ದು. ಮೇಲೆ ಹಲಗೆಯ ಅಟ್ಟ ಇರುವ ಒಳಕೋಣೆ ಆರಿಸಿ. ಅಟ್ಟ, ಅದರ ಮೇಲಿನ ಸಾಮಾನು ಎಲ್ಲ ಸೇರಿ ಹಂಚಿನ ಸದ್ದನ್ನು ತಡೆಯುತ್ತವೆ. ಕಂಬಳಿ, ಹಾಸಿಗೆ ಸುತ್ತ ಇದ್ದರೆ ಗೋಡೆಯ ಮಾರ್ದನಿಯೂ ಕಡಿಮೆ. ಕಾಲರ್ ಮೈಕು ಗದ್ದದಿಂದ ಒಂದು ಗೇಣು ಕೆಳಗಿರಲಿ, ಸರಕ್ಕೋ ಶಾಲಿಗೋ ತಾಗದಿರಲಿ. ರೆಕಾರ್ಡರನ್ನು 48 ಕಿಲೋಹರ್ಟ್ಸ್, 24 ಬಿಟ್‌ಗೆ ಇಡಿ. ಮಾತಿನ ತುದಿಗಳು ಮೈನಸ್ 12 ಡೆಸಿಬೆಲ್ ಹತ್ತಿರ ಬಂದರೆ ಸಾಕು, ನಕ್ಕಾಗ ಒಡೆಯದಿರಲು ಅಷ್ಟು ಜಾಗ ಬೇಕು. 80 ಹರ್ಟ್ಸ್‌ನ ಲೋ ಕಟ್ (ಅದಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವ ಸೌಲಭ್ಯ) ಹಾಕಿ. ಇನ್ವರ್ಟರಿನ ಗುಂಯ್ ಎನ್ನುವ ಸದ್ದು 100 ಹರ್ಟ್ಸ್‌ನಲ್ಲೂ ಇರುವುದರಿಂದ ಲೋ ಕಟ್‌ಗೆ ಅದು ಪೂರ್ತಿ ಹೋಗದು. ಬೇರೆ ಕೋಣೆಗೆ ಹೋಗುವುದೇ ಮೇಲು. ಫ್ರಿಜ್ ಬಂದ್ ಮಾಡಿ, ಬಂದ್ ಮಾಡಿದವರ ಬೈಕಿನ ಕೀಲಿಯನ್ನು ಅದರೊಳಗೇ ಇಟ್ಟುಬಿಡಿ. ಇಲ್ಲದಿದ್ದರೆ ಮತ್ತೆ ಹಾಕಲು ಮರೆತು ಮನೆಯವರ ಹಾಲು ಕೆಡಿಸುತ್ತೀರಿ. ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಮ್ಮೆ, ಕೊನೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಎರಡೂ ಹೊಂದಿದರೆ ನಡುವೆ ಜಾರಿಲ್ಲ.

ಲೆನ್ಸಿನೊಳಗೆ ಬೂಷ್ಟು ಬಂದಿದೆ. ಅಕ್ಕಿ ಡಬ್ಬಿಯಲ್ಲಿ ಇಟ್ಟರೆ ಹೋಗುತ್ತದೆ ಎಂದರು.
— ಓದುಗರು, ಆಗುಂಬೆ ಸಮೀಪ

ಹೋಗುವುದಿಲ್ಲ. ಅಕ್ಕಿ ಹೀರುವ ತೇವ ಅತ್ಯಲ್ಪ, ಕೊಡುವ ಧೂಳು ಧಾರಾಳ. ಲೆನ್ಸಿನ ಹಿಂಬದಿಯಿಂದ ಟಾರ್ಚು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಅಂಚಿನಿಂದ ಜೇಡರ ಬಲೆಯಂಥ ಎಳೆಗಳು ಒಳಮುಖವಾಗಿ ಬೆಳೆದಿದ್ದರೆ ಬೇಗ ಬಿಚ್ಚಿಸಿ ತೊಳೆಸಿ. ತಡ ಮಾಡಿದರೆ ಅದು ಬಿಡುವ ಆಮ್ಲ ಗಾಜಿನ ಲೇಪವನ್ನೇ ತಿಂದು ಕಲೆ ಉಳಿಸುತ್ತದೆ, ಆಮೇಲೆ ತೊಳೆದರೂ ಹೋಗದು. ಬಿಸಿಲಿಗಿಟ್ಟರೆ ಬೆಳವಣಿಗೆ ಕುಂದಬಹುದು, ಆದರೆ ಲೆನ್ಸು ಬಿಸಿಲನ್ನು ಒಂದೆಡೆ ಕೂಡಿಸಿ ಸುಡುವ ವಸ್ತು ಎಂಬುದನ್ನು ಮರೆಯಬೇಡಿ.

ತಡೆಯುವುದು ಸುಲಭ, ಖರ್ಚೂ ಕಡಿಮೆ. ಗಾಳಿಯ ತೇವ ಶೇಕಡಾ 65 ದಾಟಿ ಹಾಗೇ ನಿಂತರೆ ಬೂಷ್ಟು ಬೆಳೆಯುತ್ತದೆ, ಜುಲೈ ತಿಂಗಳ ನಮ್ಮ ಮನೆಗಳಲ್ಲಿ ಅದು ಇಳಿಯುವುದೇ ಇಲ್ಲ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಅರ್ಧ ಕೆ.ಜಿ. ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರು. ಮೀಟರು ಶೇಕಡಾ 40ರಿಂದ 50ರ ನಡುವೆ ನಿಲ್ಲಲಿ. 30ಕ್ಕಿಂತ ಕೆಳಗೆ ಇಳಿಸಬೇಡಿ, ರಬ್ಬರು ಮತ್ತು ಗ್ರೀಸು ಒಣಗುತ್ತವೆ. ಕಿತ್ತಳೆ ಹರಳು ಹಸಿರಾದಾಗ, ನೀಲಿ ಹರಳು ಗುಲಾಬಿಯಾದಾಗ ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ ಇರುತ್ತದೆ. ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ. ಚರ್ಮದ ಚೀಲದಲ್ಲಿ ಕ್ಯಾಮೆರಾ ಇಡುವುದು ಬೂಷ್ಟಿಗೆ ಔತಣ ಕೊಟ್ಟಂತೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಒಣಗಿರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಗಾಜಿಗೆ ಕೂತು ಬಿಡಿಸಲು ಆಗದಂತಾಗುತ್ತದೆ.

ಎ.ಸಿ. ಕಾರಿನಿಂದ ಘಾಟಿಯಲ್ಲಿ ಇಳಿದ ಕೂಡಲೇ ಚೀಲ ತೆರೆಯುವವರು ಬಹಳ. ತಣ್ಣನೆಯ ಗಾಜಿಗೆ ಹನಿ ಕಟ್ಟಿ, ಒಳಗೂ ಇಳಿಯುತ್ತದೆ. ಕಾರಿನಲ್ಲಿರುವಾಗಲೇ ಜಿಪ್ ಚೀಲದಲ್ಲಿ ಹಾಕಿ ಮುಚ್ಚಿ, ಹೊರಗೆ ಅರ್ಧ ಗಂಟೆ ಬಿಟ್ಟು ತೆಗೆಯಿರಿ.

ಹಳೆಯ ಫಿಲ್ಮ್ಸ್ ಡಿವಿಷನ್ ಚಿತ್ರಗಳಲ್ಲಿ ಜನ ಮಾತೇ ಆಡುವುದಿಲ್ಲ, ಒಂದೇ ಗಂಭೀರ ಕಂಠ ಎಲ್ಲವನ್ನೂ ಹೇಳುತ್ತದೆ. ಯಾಕೆ ಹಾಗೆ?
— ಓದುಗರು, ಶಿವಮೊಗ್ಗ ನಗರ

ಸರ್ಕಾರಿ ಗತ್ತು ಒಂದು ಕಾರಣ, ಯಂತ್ರ ಇನ್ನೊಂದು. ನಮಗೆ ಕಾಣುವಂತೆ ಯಂತ್ರದ್ದೇ ಹೆಚ್ಚು. ಕೇಂದ್ರ ಸರ್ಕಾರದ ಸಾಕ್ಷ್ಯಚಿತ್ರ ಸಂಸ್ಥೆಯಾದ ಫಿಲ್ಮ್ಸ್ ಡಿವಿಷನ್ ಹುಟ್ಟಿದ್ದು 1948ರಲ್ಲಿ (2022ರಲ್ಲಿ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ, ಅಂದರೆ ಎನ್.ಎಫ್.ಡಿ.ಸಿ.ಯಲ್ಲಿ, ವಿಲೀನವಾಯಿತು). ಆ ಕಾಲದ ವಾರ್ತಾಚಿತ್ರಗಳವರು ಜಗತ್ತಿನಾದ್ಯಂತ ಬಳಸುತ್ತಿದ್ದ ಐಮೊದಂಥ 35 ಮಿ.ಮೀ. ಕ್ಯಾಮೆರಾಕ್ಕೆ ಕೀಲಿ ಕೊಟ್ಟು ಓಡಿಸಬೇಕಿತ್ತು. ಅದರ ಸದ್ದೇ ಮಾತನ್ನು ನುಂಗುತ್ತಿತ್ತು. ಒಳಗೆ ಹಿಡಿಯುತ್ತಿದ್ದದ್ದು 100 ಅಡಿ ಫಿಲ್ಮು, 24 ಫ್ರೇಮಿನ ಲೆಕ್ಕಕ್ಕೆ ಒಂದು ನಿಮಿಷ ಆರು ಸೆಕೆಂಡು. ಧ್ವನಿ ತುಂಬಿಸುವ ಸಲಕರಣೆಗೆ ವ್ಯಾನೇ ಬೇಕು. ಹಾಗಿರುವಾಗ ಗದ್ದೆಯಲ್ಲಿ ನಿಂತ ರೈತನ ಮಾತು ಹಿಡಿಯುವುದು ಎಲ್ಲಿಂದ? ಮೂಕ ಚಿತ್ರ ತಂದು, ಸ್ಟುಡಿಯೊದಲ್ಲಿ ನಿರೂಪಣೆ ಸೇರಿಸುವುದೇ ದಾರಿ. ಕನ್ನಡ, ತಮಿಳು, ಬಂಗಾಳಿ ಎಂದು ನಿರೂಪಣೆ ಬದಲಿಸಿ ಅದೇ ಚಿತ್ರವನ್ನು ದೇಶದ ಟಾಕೀಸುಗಳಿಗೆಲ್ಲ ಕಳಿಸಲೂ ಇದು ಅನುಕೂಲ.

ಕಟ್ಟು ಸಡಿಲಿಸಿದ್ದು ಸ್ವಿಟ್ಜರ್ಲೆಂಡಿನ ಸ್ಟೆಫಾನ್ ಕುದೆಲ್‌ಸ್ಕಿ ತಯಾರಿಸಿದ ನಾಗ್ರಾ ರೆಕಾರ್ಡರು. ಅದರ ಮೂರನೇ ಮಾದರಿ ಬಂದದ್ದು 1958ರ ಹೊತ್ತಿಗೆ, ಹೆಗಲಿಗೆ ನೇತುಹಾಕಿಕೊಂಡು ನಡೆಯುವಷ್ಟು ಹಗುರ. ಕ್ಯಾಮೆರಾದ ಮೋಟಾರಿನಿಂದ ಒಂದು ತಂತಿಯಲ್ಲಿ ಬಂದ ಮಿಡಿತವನ್ನು ಧ್ವನಿಯ ಜೊತೆಗೇ ಟೇಪಿನಲ್ಲಿ ತುಂಬಿಸಿದರೆ, ಆಮೇಲೆ ಎರಡನ್ನೂ ಒಂದೇ ವೇಗಕ್ಕೆ ತರಬಹುದಿತ್ತು. ಮುಂದೆ ಎರಡು ಯಂತ್ರಗಳಲ್ಲೂ ಸ್ಫಟಿಕ ಗಡಿಯಾರ ಬಂದು ಆ ತಂತಿಯೂ ಹೋಯಿತು. ಜೊತೆಗೆ ಸದ್ದು ಮಾಡದ 16 ಮಿ.ಮೀ. ಕ್ಯಾಮೆರಾಗಳು, 400 ಅಡಿಯ ಮ್ಯಾಗಜೀನು, ಸುಮಾರು 11 ನಿಮಿಷದ ಓಟ. 1960ರ ದಶಕದ ಅಮೆರಿಕ, ಫ್ರಾನ್ಸ್, ಕೆನಡಾದ ಸಾಕ್ಷ್ಯಚಿತ್ರಗಳಲ್ಲಿ ಜನ ತಮ್ಮ ಪಾಡಿಗೆ ಮಾತಾಡತೊಡಗಿದ್ದಕ್ಕೆ ಇದೇ ಬುನಾದಿ. ಆಗಲೂ ಫಿಲ್ಮು ದುಬಾರಿ. ಅರ್ಧ ಗಂಟೆಯ ಚಿತ್ರಕ್ಕೆ ಹತ್ತು ಪಟ್ಟು ತೆಗೆಯುವುದಾದರೆ 400 ಅಡಿಯ 27 ಸುರುಳಿ. ಅಷ್ಟು ಹಣ ಎಲ್ಲರಲ್ಲೂ ಇರಲಿಲ್ಲವಾದ್ದರಿಂದ ನಿರೂಪಕರ ಕಂಠ ಇನ್ನೂ ಬಹುಕಾಲ ಬಾಳಿತು.

ಮರ ಏರಿದವರನ್ನು ಇನ್ನೊಮ್ಮೆ ಏರಿ ಎಂದು ಕೇಳುವುದು ಸುಳ್ಳಾಗುವುದಿಲ್ಲವೇ?
— ಓದುಗರು, ಕೊಪ್ಪ

ಈ ಜಗಳ ಸಾಕ್ಷ್ಯಚಿತ್ರದಷ್ಟೇ ಹಳೆಯದು. ರಾಬರ್ಟ್ ಫ್ಲಾಹರ್ಟಿಯ 1922ರ ‘ನಾನೂಕ್ ಆಫ್ ದ ನಾರ್ತ್’ನಲ್ಲಿ ಹಿಮದ ಮನೆಯೊಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದೆ, ಒಂದು ಬದಿ ತೆರೆದ ಅರ್ಧ ಮನೆಯನ್ನೇ ಕಟ್ಟಿಸಿ ಚಿತ್ರಿಸಲಾಗಿತ್ತು. ಇದು ಯಂತ್ರದ ಮಿತಿಗೆ ಕಂಡುಕೊಂಡ ಉಪಾಯ, ನಮ್ಮ ತಕರಾರಿಲ್ಲ. ಆದರೆ ಆ ಹೊತ್ತಿಗಾಗಲೇ ಬಂದೂಕು ಬಳಸುತ್ತಿದ್ದ ಜನರಿಂದ ಹಳೆಯ ಕಾಲದ ಈಟಿಯಲ್ಲಿ ಬೇಟೆಯಾಡಿಸಿ, ಇದೇ ಅವರ ಬದುಕು ಎಂದು ತೋರಿಸಿದ್ದು ಬೇರೆಯೇ ಸಂಗತಿ.

ನಿಮ್ಮ ಮಟ್ಟಿಗೆ: ಅವರು ದಿನಾ ಮಾಡುವ ಕೆಲಸವನ್ನು, ಮಾಡುವ ರೀತಿಯಲ್ಲೇ, ಇನ್ನೊಂದು ಕೋನದಿಂದ ಹಿಡಿಯಲು ಮತ್ತೆ ಕೇಳಬಹುದು. ಈಗ ನೆಲದಲ್ಲೇ ನಿಂತು ದೋಟಿಯಲ್ಲಿ ಕೊನೆ ಇಳಿಸುವವರನ್ನು ಚೆಂದಕ್ಕಾಗಿ ಮರ ಹತ್ತಿಸಬಾರದು. ಮಳೆ ಬಿದ್ದ ಮರಕ್ಕೆ ಎರಡನೇ ಸಲ ಏರಿ ಎಂದು ಯಾವ ಕಾರಣಕ್ಕೂ ಕೇಳಬೇಡಿ, ಜಾರುತ್ತದೆ. ಜಗಳ, ಅಳು, ಪಂಚಾಯಿತಿಯಂಥವು ಒಮ್ಮೆ ಆದದ್ದು ಆಗಿಹೋಯಿತು. ಅದನ್ನು ಮತ್ತೆ ಮಾಡಿಸಿದರೆ ನಾಟಕ.

ಶರಾವತಿ ಹಿನ್ನೀರಿನ ಮೇಲೆ ಡ್ರೋನ್ ಹಾರಿಸಲು ಯಾರ ಅನುಮತಿ ಬೇಕು?
— ಓದುಗರು, ಶಿವಮೊಗ್ಗ

ಜಾಗದ ಮೇಲೆ ಹೋಗುತ್ತದೆ. ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಜಾಗದ ವಲಯದ ಬಣ್ಣ ನೋಡಿ: ಹಸಿರು, ಹಳದಿ, ಕೆಂಪು ಎಂದು ನಿರ್ಬಂಧ ಏರುತ್ತಾ ಹೋಗುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ನ್ಯಾನೊ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಡ, ಆದರೆ ವಲಯದ ನಿಯಮ ಅದಕ್ಕೂ ಉಂಟು. ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇರುವುದರಿಂದ ಶಿವಮೊಗ್ಗದ ಸುತ್ತ ಹಾರಿಸುವವರು ನಕ್ಷೆ ನೋಡದೆ ಡಬ್ಬಿಯನ್ನೇ ತೆರೆಯಬಾರದು. ಹಿನ್ನೀರಿನ ಅಂಚಿನ ಬಹುಭಾಗ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ತಾಗಿಕೊಂಡಿದೆ. ಅಭಯಾರಣ್ಯದಲ್ಲಿ ನೆಲದ ಮೇಲಿನ ಚಿತ್ರೀಕರಣಕ್ಕೂ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು. ಅಣೆಕಟ್ಟೆ, ವಿದ್ಯುದಾಗಾರದ ಹತ್ತಿರ ಕರ್ನಾಟಕ ವಿದ್ಯುತ್ ನಿಗಮದ ಲಿಖಿತ ಒಪ್ಪಿಗೆ ಇಲ್ಲದೆ ಕ್ಯಾಮೆರಾ ಹೊರತೆಗೆಯಬೇಡಿ.

ಚಿತ್ರೀಕರಿಸಿದ್ದನ್ನು ಪೆನ್‌ಡ್ರೈವಿನಲ್ಲಿ ಇಟ್ಟರೆ ಎಷ್ಟು ವರ್ಷ ಇರುತ್ತದೆ?
— ಓದುಗರು, ಶೃಂಗೇರಿ

ಪೆನ್‌ಡ್ರೈವು ಸಾಗಿಸಲು, ಇಡಲಲ್ಲ. ಸೆಕೆಂಡಿಗೆ 100 ಮೆಗಾಬಿಟ್‌ನ ಚಿತ್ರ ಗಂಟೆಗೆ 45 ಜಿ.ಬಿ. ತಿನ್ನುತ್ತದೆ, ಇಪ್ಪತ್ತು ಗಂಟೆಗೆ 900. ಎರಡು ಹಾರ್ಡ್‌ಡಿಸ್ಕ್ ಕೊಳ್ಳಿ, ಒಂದೇ ದಿನ ಒಂದೇ ಅಂಗಡಿಯಿಂದ ಒಂದೇ ಮಾದರಿಯವು ಬೇಡ. ಒಂದೇ ತಯಾರಿಯವು ಒಟ್ಟಿಗೇ ಕೈಕೊಡುವುದುಂಟು. ಮೂರನೇ ಪ್ರತಿ ಬೇರೆ ಊರಿನ ಮನೆಯಲ್ಲೋ ಕ್ಲೌಡ್‌ನಲ್ಲೋ ಇರಲಿ. ಕಾರ್ಡಿನಿಂದ ಎರಡು ಡಿಸ್ಕಿಗೂ ಇಳಿಸಿ, ಕಡತ ತೆರೆದು ಕೊನೆಯವರೆಗೂ ಓಡುತ್ತದೆಯೇ ನೋಡಿದ ಮೇಲಷ್ಟೇ ಕಾರ್ಡು ಅಳಿಸಿ. ಸಿಡಿಲಿನ ದಿನಗಳಲ್ಲಿ ನಕಲು ಮಾಡುವಾಗ ಲ್ಯಾಪ್‌ಟಾಪನ್ನು ಪ್ಲಗ್ಗಿನಿಂದ ಕಿತ್ತು ಬ್ಯಾಟರಿಯಲ್ಲೇ ಓಡಿಸಿ. ಡಿಸ್ಕುಗಳನ್ನು ಆರು ತಿಂಗಳಿಗೊಮ್ಮೆ ಓಡಿಸಿ ನೋಡಿ, ಐದು ವರ್ಷಕ್ಕೆ ಹೊಸದಕ್ಕೆ ವರ್ಗಾಯಿಸಿ. ಮಳೆಗಾಲದಲ್ಲಿ ಅವೂ ಲೆನ್ಸಿನ ಡಬ್ಬಿಯಲ್ಲೇ, ಸಿಲಿಕಾ ಜೆಲ್ ಜೊತೆಗೇ ಇರಲಿ.